ಕಾಮಿಕ್ಸ್ ಅಂಗಡಿಯ ಹಿಂದಿನ ಮನೆ

ಪಪ್ಪ ಅಮ್ಮನಿಗೆ ಹೊಡೆಯುತ್ತಿದ್ದದ್ದು ಹಗಲಿನಲ್ಲಿ, ಅಂಗಡಿ ತೆರೆದಿರುವಾಗ. ಮಧ್ಯಾಹ್ನ ಊಟಕ್ಕೆಂದು ಒಳಗೆ ಬಂದವರು ಕೈ ತೊಳೆದು, ತಟ್ಟೆಯ ಮುಂದೆ ಕೂತು, ಒಂದು ತುತ್ತು ಬಾಯಿಗಿಟ್ಟು, ಎದ್ದು ಹೊಡೆಯುತ್ತಿದ್ದರು. ಹೊರಗಿನ ಕೋಣೆಯಲ್ಲಿ ಹತ್ತು ಹನ್ನೆರಡು ಮಕ್ಕಳು ಬೆಂಚಿನ ಮೇಲೆ ಕೂತು ಕಾಮಿಕ್ಸ್ ಓದುತ್ತಿದ್ದರು. ಅವರಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಹೂವಿನ ಪರದೆ, ಆಮೇಲೆ ನಡುಕೋಣೆಯ ಏಳೆಂಟು ಹೆಜ್ಜೆ, ಅಷ್ಟೆ. ಪರರ ಮಕ್ಕಳು ಅಷ್ಟು ಹತ್ತಿರ ಇರುವಾಗ ಅಮ್ಮ ಕೂಗುವುದಿಲ್ಲ ಎಂದು ಪಪ್ಪನಿಗೆ ಗೊತ್ತಿತ್ತು. ಅಮ್ಮ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಪೆಟ್ಟಿನ ಸದ್ದು ಹೊರಗೆ ಕೇಳಿಸಿದರೂ ಅದು ತೆಂಗಿನಕಾಯಿ ಒಡೆದದ್ದೋ, ಕಟ್ಟಿಗೆ ಸೀಳಿದ್ದೋ ಎಂದು ಯಾರಾದರೂ ತಿಳಿಯಬಹುದಿತ್ತು. ಮುಗಿದ ಮೇಲೆ ಪಪ್ಪ ಕೂತು ಊಟ ಪೂರೈಸುತ್ತಿದ್ದರು. ತಟ್ಟೆಯಲ್ಲಿ ಅನ್ನ ಉಳಿಸಿದವರೇ ಅಲ್ಲ. ಬಾಯಿ ಮುಕ್ಕಳಿಸಿ, ಪರದೆ ಸರಿಸಿ ಹೊರಗೆ ಹೋಗಿ, ‘ಎಲ್ಲಿಯವರೆಗೆ ಆಯ್ತು ಮಾರಾಯ?’ ಎಂದು ಬೆಂಚಿನ ತುದಿಯ ಹುಡುಗನ ತಲೆ ಸವರುತ್ತಿದ್ದರು.

ನಮ್ಮ ಮನೆ ಕಾಪುವಿನಲ್ಲಿ, ಪೇಟೆಯಿಂದ ಸಮುದ್ರದ ಕಡೆ ಇಳಿಯುವ ರಸ್ತೆಯ ಬದಿಯಲ್ಲಿತ್ತು. ಮೂರೇ ಕೋಣೆಯ ಹೆಂಚಿನ ಮನೆ. ಮುಂದಿನ ಕೋಣೆ ಅಂಗಡಿ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹೊಸ ಕಾಮಿಕ್ಸ್‌ಗಳನ್ನು ತೂಗುಹಾಕಿರುತ್ತಿದ್ದರು. ಹಳೆಯವು ಮರದ ಹಲಗೆಗಳ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಎಂದು ಬೇರೆ ಬೇರೆಯಾಗಿ. ಬಾಡಿಗೆಗೆ ಕೊಂಡುಹೋಗಬಹುದಿತ್ತು, ಅಲ್ಲೇ ಕೂತು ಓದಲೂಬಹುದಿತ್ತು. ಹರಿದ ಪುಸ್ತಕಗಳಿಗೆ ಪಪ್ಪ ದಬ್ಬಣದಿಂದ ಹೊಲಿಗೆ ಹಾಕಿ, ಕಂದು ಕಾಗದದ ರಟ್ಟು ಅಂಟಿಸುತ್ತಿದ್ದರು. ಅದಕ್ಕೆ ಬೇಕಾದ ಗೋಂದನ್ನು ಅಮ್ಮ ಶನಿವಾರ ಅಡುಗೆಮನೆಯಲ್ಲಿ ಕುದಿಸುತ್ತಿದ್ದಳು. ಮೈದಾ ಹಿಟ್ಟು, ನೀರು, ಜಿರಲೆ ತಿನ್ನದ ಹಾಗೆ ಚಿಟಿಕೆ ಮೈಲುತುತ್ತು. ಉಳಿದ ದಿನ ಅವಳು ಅದೇ ಒಲೆಯ ಪಕ್ಕ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಮ್ಮ ಬಟ್ಟೆಗೆ, ಕೂದಲಿಗೆ, ಕೆಲವೊಮ್ಮೆ ಅನ್ನಕ್ಕೂ ಹೊಗೆಸೊಪ್ಪಿನ ವಾಸನೆ. ನನ್ನ ತಮ್ಮ ಪ್ರಶಾಂತ ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವನು. ಆ ವಾಸನೆ ಇಲ್ಲದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅಂಗಡಿಯಲ್ಲಿ ಪಪ್ಪ ಮಾತಾಡುತ್ತಿದ್ದದ್ದು ಕನ್ನಡ. ತಿದ್ದಿ ತೀಡಿದ, ಶಾಲೆಯ ಮಾಸ್ತರರಂಥ ಕನ್ನಡ. ಪರದೆ ದಾಟಿದೊಡನೆ ತುಳು. ಬೈಗುಳವೆಲ್ಲ ತುಳುವಿನಲ್ಲಿ. ಮನೆಯ ಮಾತನ್ನೆಲ್ಲ ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಆದರೆ ನನ್ನ ಕಿವಿಗೆ ಅದು ಹಾಗೆ ಬಿದ್ದದ್ದಲ್ಲ. ಊರಿನ ಮಕ್ಕಳಿಗೆ ಪಪ್ಪನೆಂದರೆ ಪ್ರಾಣ. ಸಣ್ಣ ಮಕ್ಕಳಿಗೆ ತಾವೇ ಓದಿ ಹೇಳುತ್ತಿದ್ದರು. ಜಗಳದ ಪುಟ ಬಂದರೆ ಎದ್ದು ನಿಂತು, ಪೆಟ್ಟು ಕೊಡುವವನೂ ತಾವೇ, ತಿನ್ನುವವನೂ ತಾವೇ ಆಗಿ, ಗೋಡೆಗೆ ಬೆನ್ನು ಹಚ್ಚಿ ಜಾರಿ ಬೀಳುತ್ತಿದ್ದರು. ಮಕ್ಕಳು ನಕ್ಕು ನಕ್ಕು ಬೆಂಚಿನಿಂದ ಉರುಳುತ್ತಿದ್ದರು. ಕಳೆದ ವರ್ಷ ಅಂಬಲಪಾಡಿಯಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ತಲೆ ನರೆತ ಒಬ್ಬರು ನನ್ನ ಗುರುತು ಹಿಡಿದರು.

‘ನೀವು ಕಾಪು ಸದಣ್ಣನ ಮಗಳಲ್ವಾ? ನಮಗೆಲ್ಲ ಓದುವ ಹುಚ್ಚು ಹಿಡಿಸಿದ್ದೇ ಅವರು. ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಬಿಡಿ.’

ನಾನು ಹೌದು ಎಂದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ನಾನು ಮಣಿಪಾಲದಲ್ಲಿ ನರ್ಸ್. ಮೆಟ್ಟಿಲಿನಿಂದ ಬಿದ್ದೆ ಎಂದು ಹೇಳುವ ಹೆಂಗಸರನ್ನು ನೋಡಿದೊಡನೆ ನನಗೆ ತಿಳಿಯುತ್ತದೆ. ಜೊತೆಯಲ್ಲಿ ಬಂದ ಮಗಳು ಅಮ್ಮನ ಕಡೆ ನೋಡದೆ, ಮುಖ ಗಂಟಿಕ್ಕಿಕೊಂಡು ಕೂತಿದ್ದರೆ ಅವಳ ಮನಸ್ಸಿನಲ್ಲಿ ಏನುಂಟು ಎನ್ನುವುದೂ ತಿಳಿಯುತ್ತದೆ. ಯಾಕೆಂದರೆ ನಾನು ಪಪ್ಪನ ಪಕ್ಷದವಳಾಗಿದ್ದೆ. ಇದನ್ನು ಬರೆಯುವುದೇ ಕಷ್ಟ, ಆದರೂ ಬರೆಯದೆ ಮುಂದಿನದ್ದನ್ನು ಹೇಳಲು ಬರುವುದಿಲ್ಲ. ಹೊಡೆಸಿಕೊಳ್ಳುವ ಅಮ್ಮನನ್ನು ಕಂಡರೆ ನನಗೆ ಅಸಹ್ಯವಾಗುತ್ತಿತ್ತು. ಮೀನುಸಾರಿಗೆ ಉಪ್ಪು ಸರಿಯಾಗಿ ಹಾಕಲು ಇವಳಿಗೇನು ಕಷ್ಟ? ಬೂತಾಯಿ ಮೀನಿನ ಮುಳ್ಳು ಪಪ್ಪನ ತುತ್ತಿಗೇ ಯಾಕೆ ಬರಬೇಕು? ಒಲೆ ಹೊತ್ತಿಸಲು ಕಾಮಿಕ್ಸ್‌ನ ಹಾಳೆಯನ್ನು ಇವಳು ಯಾಕೆ ಮುಟ್ಟಬೇಕು? ಹಾಳೆಯನ್ನು ಅಮ್ಮ ಎಂದೂ ಮುಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಯೋಚಿಸುತ್ತಿದ್ದೆ. ಅವಳ ಎಡಗಿವಿಯಿಂದ ರಕ್ತ ಬಂದ ದಿನ ನಾನು ಪಪ್ಪನ ಕೈಗೆ ನೀರು ಹೊಯ್ದೆ. ಆ ಕಿವಿ ಮತ್ತೆ ಕೇಳಲಿಲ್ಲ.

ನಾಲ್ಕನೆಯ ಕ್ಲಾಸಿನಲ್ಲಿ ದಿನೇಶ ಎಂಬ ಹುಡುಗ ಆಟದ ಬಿಡುವಿನಲ್ಲಿ ಎಲ್ಲರೆದುರು ನನ್ನನ್ನು ಕೇಳಿದ.

‘ನಿನ್ನ ಅಮ್ಮನ ಮುಖ ಎಂತ ಹಾಗೆ ಬಾತದ್ದು?’

ನಾನು ಕಂಪಾಸ್ ಪೆಟ್ಟಿಗೆಯ ಮೂಲೆಯಿಂದ ಅವನ ಹುಬ್ಬಿಗೆ ಹೊಡೆದೆ. ಅವನು ಕೆಳಗೆ ಬಿದ್ದ ಮೇಲೂ ಹೊಡೆದೆ. ಟೀಚರು ಓಡಿಬಂದು ಬಿಡಿಸುವಾಗ ಅವನ ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಸಂಜೆ ಅವನ ತಂದೆ, ಎರ್ಮಾಳಿನ ಕಡೆ ದೋಣಿ ಇದ್ದವರು, ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಪಪ್ಪ ಅವರನ್ನು ಕೂರಿಸಿ, ಕ್ಷಮೆ ಕೇಳಿ, ದಿನೇಶನಿಗೆ ಓದಲು ಎರಡು ಹೊಸ ಪುಸ್ತಕ ಕೊಟ್ಟು ಕಳಿಸಿದರು. ಅವರು ಹೋದ ಮೇಲೆ ನನ್ನ ಗಲ್ಲ ಹಿಡಿದೆತ್ತಿದರು. ನಾನು ಕಣ್ಣು ಮುಚ್ಚಿ ಪೆಟ್ಟು ಬೀಳಲೆಂದು ಕಾದೆ.

‘ನನ್ನ ಮಗಳು ಅಂದ್ರೆ ಹೀಗೆ ಇರ್ಬೇಕು. ಆ ಒಳಗಿನದ್ದರ ಹಾಗಲ್ಲ.’

ಅಂದು ಬಂದ ಕಟ್ಟನ್ನು ಬಿಚ್ಚಿ, ಇನ್ನೂ ಯಾರೂ ತೆರೆಯದ ಕಾಮಿಕ್ಸ್ ಒಂದನ್ನು ಮೊದಲು ನನಗೆ ಕೊಟ್ಟರು. ಅದರ ಶಾಯಿಯ ವಾಸನೆ ಮೂಗಿಗೆ ಬಂದಾಗ ಆದ ಸಂತೋಷವನ್ನು ನಾನು ಈಗಲೂ ಇಲ್ಲವೆನ್ನಲಾರೆ. ಆಮೇಲೆ ಶಾಲೆಯಲ್ಲಿ ನನಗೆ ಎಲ್ಲರೂ ಹೆದರಿದರು. ಹೆದರದವರಿಗೆ ನಾನು ಹೊಡೆದೆ.

ನಮ್ಮ ಬಾವಿಕಟ್ಟೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಅಲ್ಲಿ ಮೈಮುನಕ್ಕ ಇದ್ದರು. ಗಂಡ ಗಲ್ಫಿನಲ್ಲಿ, ಇವರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಒಂದು ದಿನ ನಾನು ಪಾತ್ರೆ ತೊಳೆಯುತ್ತಿದ್ದಾಗ, ಅಮ್ಮ ನೀರು ಸೇದುತ್ತಿದ್ದಾಗ, ಗೋಡೆಯ ಮೇಲಿನಿಂದ ಅವರ ಮಾತು ಕೇಳಿಸಿತು.

‘ಗಿರಿಜಕ್ಕ, ಒಮ್ಮೆ ಬೊಬ್ಬೆ ಹಾಕಿ. ಒಂದೇ ಒಂದು ಸಲ. ನೀವು ಬೊಬ್ಬೆ ಹಾಕದೆ ನಾನು ಹೇಗೆ ಒಳಗೆ ಬರುವುದು?’

ಅಮ್ಮ ಕೊಡಪಾನ ಎತ್ತಿಕೊಂಡು, ‘ಮಕ್ಕಳು ಹೆದರ್ತಾವೆ’ ಎಂದು ಒಳಗೆ ಹೋದಳು. ಯಾವ ಮಕ್ಕಳು ಎಂದು ಹೇಳಲಿಲ್ಲ.

ನನಗೆ ಹನ್ನೊಂದು, ಪ್ರಶಾಂತನಿಗೆ ಏಳು. ಒಂದು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಂದ ಮಕ್ಕಳಿಂದ ಅಂಗಡಿ ತುಂಬಿತ್ತು. ನಾನು ನಡುಕೋಣೆಯಲ್ಲಿ ಕೂತು ಹೊಸ ಪುಸ್ತಕಗಳಿಗೆ ಕಂದು ಕಾಗದ ಅಳತೆ ಮಾಡಿ ಕೊಯ್ಯುತ್ತಿದ್ದೆ. ಪಪ್ಪ ಆ ಕೆಲಸವನ್ನು ನನ್ನೊಬ್ಬಳಿಗೇ ಕೊಟ್ಟಿದ್ದರು, ಅಂಚಿಗೆ ಹಿಡಿಯಲು ಒಂದು ಕಬ್ಬಿಣದ ಸ್ಕೇಲ್ ಕೂಡ. ಪ್ರಶಾಂತ ಪಕ್ಕದಲ್ಲಿ ಮಲಗಿ ಒಂದು ಹೊಸ ಕಾಮಿಕ್ಸ್ ನೋಡುತ್ತಿದ್ದ. ಓದಲು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಚಿತ್ರ ನೋಡುವುದಷ್ಟೆ. ಪುಟ ತಿರುವುವಾಗ ಕೊನೆಯ ಹಾಳೆ ಅವನ ಮೊಣಕೈಗೆ ಸಿಕ್ಕಿ ಪರ್ರನೆ ಹರಿಯಿತು. ಅವನು ನನ್ನ ಮುಖ ನೋಡಿದ. ನಾನು ಅವನ ಅಂಗಿಯ ಕುತ್ತಿಗೆ ಹಿಡಿದು ಅಡುಗೆಮನೆಯ ಬಾಗಿಲ ಮರೆಗೆ ಎಳೆದುಕೊಂಡು ಹೋಗಿ ಸ್ಕೇಲಿನಿಂದ ಹೊಡೆಯತೊಡಗಿದೆ.

ಈ ಭಾಗವನ್ನು ಬರೆದು ಪ್ರಶಾಂತನಿಗೆ ಓದಲು ಕೊಟ್ಟಿದ್ದೆ. ಅವನೀಗ ಉಡುಪಿಯಲ್ಲಿ ವಯರಿಂಗ್ ಕೆಲಸ ಮಾಡುತ್ತಾನೆ, ಇಬ್ಬರು ಮಕ್ಕಳ ತಂದೆ. ಓದಿ, ಕನ್ನಡಕ ತೆಗೆದ.

‘ಅಕ್ಕ, ಸ್ಕೇಲ್ ಆಮೇಲೆ. ಮೊದಲು ನೀನು ನನ್ನ ತಲೆ ಹಿಡಿದು ಗೋಡೆಗೆ ಹೊಡೆಸಿದ್ದು. ಎರಡು ಸಲ. ಬರೆಯುವುದಾದ್ರೆ ಸರಿ ಬರಿ.’

ಸರಿ ಬರೆಯುತ್ತಿದ್ದೇನೆ. ಮೊದಲು ಅವನ ತಲೆಯನ್ನು ಗೋಡೆಗೆ ಹೊಡೆಸಿದೆ, ಎರಡು ಸಲ. ಆಮೇಲೆ ಸ್ಕೇಲು. ಅವನು ತಡೆಯಲು ಎಡಗೈ ಎತ್ತಿದ, ಸ್ಕೇಲಿನ ಅಂಚು ಮುಂಗೈಗೆ ಬಿತ್ತು, ಒಳಗೆ ಏನೋ ಲಟಕ್ಕೆಂದಿತು. ಅವನು ಕೂಗಲಿಲ್ಲ. ಬಲಗೈಯಿಂದ ತನ್ನ ಬಾಯಿಯನ್ನು ತಾನೇ ಒತ್ತಿ ಮುಚ್ಚಿಕೊಂಡ. ಏಳು ವರ್ಷದ ಮಗು, ಕೈ ಮುರಿದರೂ ಹೊರಗಿನವರಿಗೆ ಕೇಳಿಸಬಾರದು ಎಂದು ಬಾಯಿ ಮುಚ್ಚಿಕೊಂಡು ಕಣ್ಣಿನಲ್ಲೇ ಅಳುತ್ತಿತ್ತು. ಅದನ್ನು ಕಂಡೂ ನನ್ನ ಕೈ ನಿಲ್ಲಲಿಲ್ಲ. ಇನ್ನೊಂದು ಹೊಡೆದೆ. ಅದೇ ನನಗೆ ಇವತ್ತಿಗೂ ಅರ್ಥವಾಗದ ಪೆಟ್ಟು.

ಅಮ್ಮ ಒಲೆಯ ಮುಂದೆ ಗೋಂದು ಕೈಯಾಡಿಸುತ್ತಿದ್ದಳು. ಕೇಳದ ಕಿವಿ ನಮ್ಮ ಕಡೆಗಿದ್ದುದರಿಂದಲೋ ಏನೋ, ತಿರುಗಿ ನೋಡುವಾಗ ತಡವಾಗಿತ್ತು. ನೋಡಿದವಳು ಕೂಗಿದಳು. ಅಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಬಂದ ಹಾಗೆ ಇತ್ತು ಆ ಕೂಗು. ಹೊರಗೆ ಮಕ್ಕಳ ಗಲಾಟೆ ಪಟ್ಟನೆ ನಿಂತಿತು. ಅಮ್ಮ ನನ್ನ ಕೈಯಿಂದ ಸ್ಕೇಲ್ ಕಿತ್ತು ಎಸೆದು, ನನ್ನ ಕೆನ್ನೆಗೆ ಬಾರಿಸಿ, ಪ್ರಶಾಂತನನ್ನು ಎಳೆದು ತನ್ನ ಬೆನ್ನ ಹಿಂದೆ ಮಾಡಿಕೊಂಡಳು. ಪರದೆ ಸರಿಯಿತು, ಪಪ್ಪ ಬಂದರು. ಅವರು ಪ್ರಶಾಂತನನ್ನು ನೋಡಲಿಲ್ಲ, ಅವನ ಕೈ ಜೋತುಬಿದ್ದದ್ದನ್ನೂ ನೋಡಲಿಲ್ಲ.

‘ಹೊರಗೆ ಮಕ್ಕಳಿದ್ದಾರೆ. ಬಾಯಿ ಮುಚ್ಚು’ ಎಂದರು.

ಅಮ್ಮ ಇನ್ನೂ ಜೋರಾಗಿ ಕೂಗಿದಳು. ಪಪ್ಪ ಅವಳ ಜುಟ್ಟು ಹಿಡಿದು, ಮುಖಕ್ಕೆ ಮುಷ್ಟಿಯಿಂದ ಗುದ್ದಿದರು. ಅಮ್ಮನ ತಲೆ ಪಕ್ಕಕ್ಕೆ ಹೊರಳಿತು, ತುಟಿ ಸೀಳಿತು. ಎರಡನೆಯ ಸಲ ಕೈ ಎತ್ತುವಾಗ ಅವಳು ಬರಿಗೈಯಲ್ಲೇ ಒಲೆಯ ಮೇಲಿನ ಪಾತ್ರೆ ಎತ್ತಿ, ಕುದಿಯುವ ಗೋಂದನ್ನು ಅವರ ಮೈಮೇಲೆ ಎಸೆದಳು. ನೀರಾಗಿದ್ದರೆ ಹರಿದು ಹೋಗುತ್ತಿತ್ತೋ ಏನೋ. ಗೋಂದು ಅಂಟಿ ನಿಂತಿತು. ಪಪ್ಪ ಎದೆಯಿಂದ, ಬಲತೋಳಿನಿಂದ ಅದನ್ನು ಕೆರೆದು ತೆಗೆಯಲು ನೋಡಿದರು, ಗೋಂದಿನ ಜೊತೆ ಚರ್ಮವೂ ಎದ್ದುಬಂತು. ನೆಲಕ್ಕೆ ಬಿದ್ದು ಹೊರಳಾಡಿದರು. ಮಕ್ಕಳಿಗೆ ಓದಿ ಹೇಳುವಾಗ ಅವರು ಮಾಡುತ್ತಿದ್ದ ಯಾವ ಸದ್ದೂ ಅದಾಗಿರಲಿಲ್ಲ.

ಆಗ ಹಿಂಬಾಗಿಲಿನಿಂದ ಮೈಮುನಕ್ಕ ನುಗ್ಗಿದರು, ಕೈಯಲ್ಲಿ ಬಟ್ಟೆ ಕೊಯ್ಯುವ ದೊಡ್ಡ ಕತ್ತರಿ ಹಿಡಿದುಕೊಂಡೇ. ಒಂದು ಕ್ಷಣ ಎಲ್ಲವನ್ನೂ ನೋಡಿದರು. ಕತ್ತರಿ ಕೆಳಗಿಟ್ಟು ಪ್ರಶಾಂತನನ್ನು ಎತ್ತಿಕೊಂಡು, ‘ನಡೀರಿ ಗಿರಿಜಕ್ಕ’ ಎಂದರು. ಅಮ್ಮ ಹಿಂಬಾಗಿಲಿನತ್ತ ತಿರುಗಲಿಲ್ಲ. ಪರದೆ ಸರಿಸಿ ಅಂಗಡಿಯ ಮೂಲಕವೇ ಹೊರಟಳು. ಸೀಳಿದ ತುಟಿ, ಬಿಚ್ಚಿದ ಕೂದಲು, ಸುಟ್ಟು ಕೆಂಪಾದ ಎರಡು ಅಂಗೈ. ಮಕ್ಕಳು ಪುಸ್ತಕ ಎದೆಗೆ ಹಿಡಿದುಕೊಂಡು ಬೆಂಚಿನ ಮೇಲೆ ಕಾಲು ಎತ್ತಿ ದಾರಿ ಬಿಟ್ಟರು. ಬಾಗಿಲಲ್ಲಿ ಅಮ್ಮ ತಿರುಗಿ, ಪರದೆಯವರೆಗೆ ಹಿಂದೆಯೇ ಬಂದಿದ್ದ ನನ್ನನ್ನು ನೋಡಿದಳು. ಕರೆಯಲಿಲ್ಲ, ಆದರೆ ನಿಂತಳು. ನನಗಾಗಿಯೇ ನಿಂತದ್ದು. ಒಳಗಿನಿಂದ ಪಪ್ಪ, ‘ಶೋಭಾ, ನೀರು’ ಎಂದರು. ನಾನು ನೀರು ತರಲು ಒಳಗೆ ಹೋದೆ. ಬಾವಿಯಿಂದ ಕೊಡಪಾನ ಎತ್ತಿಕೊಂಡು ಬರುವಾಗ ಹೊರಗೆ ರಿಕ್ಷಾ ಹೊರಟ ಸದ್ದು ಕೇಳಿಸಿತು.

ಪ್ರಶಾಂತನ ಕೈಗೆ ಉಡುಪಿಯ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿ, ಅಮ್ಮ ಅವನೊಡನೆ ಕಾರ್ಕಳದ ತವರಿಗೆ ಹೋದಳು. ಪಪ್ಪ ಎರಡು ವಾರ ಹಾಸಿಗೆಯಲ್ಲಿದ್ದರು. ನೋಡಲು ಬಂದ ಪ್ರತಿಯೊಬ್ಬರಿಗೂ, ಹೆಂಡತಿಗೆ ತಲೆ ಸರಿ ಇಲ್ಲ, ಮಗನ ಕೈ ಮುರಿದಳು, ಬಿಡಿಸಲು ಹೋದ ತನ್ನನ್ನು ಸುಟ್ಟಳು ಎಂದು ಹೇಳಿದರು. ಬಂದವರು ನನ್ನನ್ನು ಕೇಳುತ್ತಿದ್ದರು, ಹೌದಾ ಮಗ? ನಾನು ಹೌದೆಂದೆ. ಒಬ್ಬಿಬ್ಬರಿಗಲ್ಲ, ಇಡೀ ಊರಿಗೆ ಹೇಳಿದೆ. ಕಾರ್ಕಳದಿಂದ ಮಾಮ ನನ್ನನ್ನು ಕರೆಯಲು ಬಂದಾಗ ಹಲಗೆಗಳ ಹಿಂದೆ ಅಡಗಿ, ಬರುವುದಿಲ್ಲ ಎಂದೆ. ಅಂಗಡಿ ಮತ್ತೆ ತೆರೆಯಿತು. ಅಂದು ಬೆಂಚಿನ ಮೇಲಿದ್ದ ಮಕ್ಕಳಲ್ಲಿ ಇಬ್ಬರು ಮೂವರು ಬರಲಿಲ್ಲ, ಉಳಿದವರೆಲ್ಲ ಬಂದರು. ಪಪ್ಪನ ಬಲತೋಳು ಸುಕ್ಕುಗಟ್ಟಿ ಮಡಚಿಕೊಂಡಿತ್ತು. ಅವರು ಎಡಗೈಯಲ್ಲಿ ಪುಟ ತಿರುವಿ ಓದಿ ಹೇಳುತ್ತಿದ್ದರು, ಮಕ್ಕಳು ನಗುತ್ತಿದ್ದರು.

ಅನ್ನ ಬೇಯಿಸುವುದು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಬಂಗುಡೆ ಸಾರಿಗೆ ಹುಳಿ ಹೆಚ್ಚಾಯಿತು. ಪಪ್ಪ ಒಂದು ತುತ್ತು ಬಾಯಿಗಿಟ್ಟು ಎದ್ದರು. ನನಗೆ ನಂಬಿಕೆ ಇತ್ತು, ನನಗೆ ಅವರು ಹೊಡೆಯುವುದಿಲ್ಲ ಎಂದು. ನಾನು ಅವರ ಮಗಳು, ಒಳಗಿನದ್ದರ ಹಾಗಲ್ಲ. ಎಡಗೈಯ ಮೊದಲ ಪೆಟ್ಟಿಗೆ ನಾನು ಒಲೆಯ ಮೇಲೆ ಬಿದ್ದೆ. ಆಮೇಲೆ ಕಾಲಿನಿಂದ ತುಳಿದರು, ಹೊಟ್ಟೆಗೆ, ಬೆನ್ನಿಗೆ. ಒಂದು ಹಲ್ಲು ಸಡಿಲಾಗಿ ಬಾಯಿ ಉಪ್ಪಾಯಿತು. ಹೊರಗೆ ಯಾರೋ ಒಬ್ಬ ಹುಡುಗ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದ. ನನಗೂ ಕೂಗಲು ಬರಲಿಲ್ಲ. ಮುಗಿಸಿ ಅವರು ಊಟಕ್ಕೆ ಕೂತರು. ‘ಮಜ್ಜಿಗೆ ತಾ’ ಎಂದರು. ನಾನು ಎದ್ದು ಮಜ್ಜಿಗೆ ಕೊಟ್ಟೆ.

ಅಂಥ ಆರು ಮಧ್ಯಾಹ್ನಗಳಾದ ಮೇಲೆ, ಏಳನೆಯದ್ದಕ್ಕೆ ಕಾಯದೆ, ಶಾಲೆಯ ಚೀಲದಲ್ಲಿ ಎರಡು ಲಂಗ ತುರುಕಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದೆ. ಚಾರ್ಜಿನ ಹಣ ಕೊಟ್ಟದ್ದು ಮೈಮುನಕ್ಕ. ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಯಾವುದೆಂದು ಕೇಳಿದಾಗ ಆ ಬಸ್ಸಿನ ಕಂಡಕ್ಟರ್ ನನ್ನ ಬಾತ ಮುಖ ನೋಡಿ, ತನ್ನ ಹಿಂದಿನ ಸೀಟು ತೋರಿಸಿದ.

ಅಜ್ಜಿಯ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು. ಅಂಗೈಯಲ್ಲಿ ಸುಟ್ಟ ಗಾಯ ಮಾಸಿ ಹೊಸ ಚರ್ಮ ಬಂದಿತ್ತು. ಪ್ರಶಾಂತ ಪಕ್ಕದಲ್ಲಿ ಕೂತು ಎಲೆ ಜೋಡಿಸಿ ಕೊಡುತ್ತಿದ್ದ. ನನ್ನನ್ನು ಕಂಡವನೇ ಎಲೆಗಳನ್ನೆಲ್ಲ ಚೆಲ್ಲಿ ಒಳಗೆ ಓಡಿದ. ನಾನು ಬರುವ ದಾರಿಯುದ್ದಕ್ಕೂ ಪಪ್ಪನ ಬಗ್ಗೆ ಯೋಚಿಸಿದ್ದೆ, ಅಮ್ಮ ಬೈಯುತ್ತಾಳೋ ಏನೋ ಎಂದು ಯೋಚಿಸಿದ್ದೆ. ಅವನು ಓಡುತ್ತಾನೆ ಎಂದು ಯೋಚಿಸಿರಲಿಲ್ಲ. ಅಮ್ಮ ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು, ನನ್ನ ಬಾಯಿ ತೆರೆಸಿ ಹಲ್ಲು ಅಲ್ಲಾಡಿಸಿ ನೋಡಿದಳು. ಅಂಗಿ ಎತ್ತಿ ಬೆನ್ನು ನೋಡಿದಳು. ಒಂದು ಲೋಟ ನೀರು ತಂದುಕೊಟ್ಟಳು. ಕುಡಿದು ಮುಗಿಯುವವರೆಗೂ ತಲೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ನಾನು ಒಳಗೆ ಹೋಗಲು ಎದ್ದಾಗ ಅದೇ ಕೈಯಿಂದ ತಡೆದಳು.

‘ಇದು ಈಗ ಅವನ ಮನೆ. ಅವನು ಹೂಂ ಅಂದ್ರೆ ಒಳಗೆ ಬಾ.’

‘ಅವನು ಅನ್ನದಿದ್ರೆ?’

‘ಅನ್ನದಿದ್ರೆ ನಾನೂ ನೀನೂ ಜಗಲಿಯಲ್ಲಿ ಇರುವ. ಅಂಥಾದ್ದೇನಿಲ್ಲ.’

ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಅಮ್ಮ ಬೀಡಿ ಕಟ್ಟಿದಳು, ನಾನು ಚೆಲ್ಲಿದ ಎಲೆ ಆರಿಸಿದೆ. ಮಧ್ಯಾಹ್ನ ಕಳೆಯಿತು. ಕಲ್ಲು ಕೆತ್ತುವ ಕೆಲಸದಿಂದ ಮಾಮ ಬಂದರು, ನನ್ನನ್ನು ನೋಡಿ, ಅಮ್ಮನ ಮುಖ ನೋಡಿ, ಒಳಗೆ ಹೋದರು. ಬಿಸಿಲು ಅಂಗಳ ದಾಟುವ ಹೊತ್ತಿಗೆ ಬಾಗಿಲ ಸಂದಿಯಿಂದ ಪ್ರಶಾಂತನ ದನಿ ಬಂತು.

‘ಅವಳ ಚೀಲದಲ್ಲಿ ಎಂತ ಉಂಟು?’

ಅಮ್ಮ ಚೀಲವನ್ನು ಜಗಲಿಯ ಮೇಲೆ ಬೋರಲು ಹಾಕಿದಳು. ಎರಡು ಲಂಗ, ಒಂದು ಬಾಚಣಿಗೆ. ಅವನು ಹೊರಗೆ ಬಂದು, ಖಾಲಿ ಚೀಲದೊಳಗೆ ಕೈ ಹಾಕಿ ತಡಕಿ ನೋಡಿದ. ಸ್ಕೇಲ್ ಇರಲಿಲ್ಲ. ಪಟ್ಟಿ ಬಿಚ್ಚಿದ್ದ ಎಡಗೈ ಬಲಗೈಗಿಂತ ಸಪೂರವಾಗಿತ್ತು.

‘ಬರ್ಲಿ. ಆದ್ರೆ ಅಮ್ಮ ನಡುವಿನಲ್ಲಿ ಮಲಗ್ಬೇಕು.’

ಅಂದು ಊಟಕ್ಕೆ ಕೂತಾಗ ನಾನು ಉಪ್ಪಿನಕಾಯಿ ಭರಣಿಗೆ ಕೈ ಚಾಚಿದೆ. ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಬಗ್ಗಿದ, ಗಂಜಿಯ ಬಟ್ಟಲು ಮಗುಚಿತು. ಅಮ್ಮ ನೆಲ ಒರೆಸಿ, ಬೇರೆ ಗಂಜಿ ಬಡಿಸಿದಳು. ನಾನು ಕೈಯನ್ನು ಹಿಂದೆ ಎಳೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡೆ. ಮರುದಿನದಿಂದ ಅವನಿಗೆ ಏನು ಕೊಡುವುದಿದ್ದರೂ ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದೆ. ಅವನು ಬಂದು ಎತ್ತಿಕೊಂಡು ಹೋಗುತ್ತಿದ್ದ. ಹೀಗೇ ಬೇಸಿಗೆ ಪೂರ್ತಿ ನಡೆಯಿತು. ನನ್ನ ಕೈಯಿಂದಲೇ ಅವನು ಮೊದಲು ತೆಗೆದುಕೊಂಡದ್ದು ಮಳೆ ಹಿಡಿದ ಮೇಲೆ, ಕೆಂಡದಲ್ಲಿ ಸುಟ್ಟ ಒಂದು ಹಲಸಿನ ಬೀಜ. ಬಿಸಿ ಇದೆ, ನಿಧಾನ ಎಂದೆ. ಅವನು ಊದಿ, ಸಿಪ್ಪೆ ಬಿಡಿಸಿ ತಿಂದ. ಆಮೇಲೆ ಇನ್ನೊಂದಕ್ಕೆ ಕೈ ನೀಡಿದ.